ದಡಾರ ಊರಿಗೆ ಬಂದ ಮೇಲೆ ಯೋಚಿಸಲು ಸಮಯ ಸಿಗುವುದಿಲ್ಲ

ಅಮೆರಿಕದ ಟೆಕ್ಸಾಸ್ ರಾಜ್ಯದ ಪಶ್ಚಿಮ ತುದಿಯಲ್ಲಿ, ನ್ಯೂ ಮೆಕ್ಸಿಕೊ ಗಡಿಗೆ ಅಂಟಿಕೊಂಡು ಗೇನ್ಸ್ ಕೌಂಟಿ ಇದೆ. ಹತ್ತಿ, ಕಡಲೆಕಾಯಿ ಬೆಳೆಯುವ, ಎಣ್ಣೆ ಬಾವಿಗಳಿರುವ ಸೀಮೆ. ಅಲ್ಲಿನ ಮುಖ್ಯ ಊರು ಸೆಮಿನೋಲ್. 2025ರ ಜನವರಿ ಕೊನೆಗೆ ಈ ಕೌಂಟಿಯ ಇಬ್ಬರು ಮಕ್ಕಳಿಗೆ ದಡಾರ ಇರುವುದು ಖಚಿತವಾಯಿತು. ರೋಗ ಹರಡುವುದು ನಿಂತಿದೆ ಎಂದು ರಾಜ್ಯದ ಆರೋಗ್ಯ ಇಲಾಖೆ ಹೇಳಿದ್ದು ಆಗಸ್ಟ್ 18ಕ್ಕೆ. ಅಷ್ಟರಲ್ಲಿ ಪಶ್ಚಿಮ ಟೆಕ್ಸಾಸ್‌ನಲ್ಲಿ 762 ಮಂದಿಗೆ ದಡಾರ ಬಂದಿತ್ತು. ಅವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಮಕ್ಕಳು. 99 ಮಂದಿ ಆಸ್ಪತ್ರೆ ಸೇರಿದ್ದರು. ಆರು ವರ್ಷದ ಒಂದು ಹುಡುಗಿ, ಎಂಟು ವರ್ಷದ ಇನ್ನೊಂದು ಹುಡುಗಿ ತೀರಿಕೊಂಡರು. ಇಬ್ಬರೂ ಅದಕ್ಕೆ ಮೊದಲು ಆರೋಗ್ಯವಾಗಿಯೇ ಇದ್ದವರು. ಇಬ್ಬರಿಗೂ ಲಸಿಕೆ ಹಾಕಿಸಿರಲಿಲ್ಲ.

ಇದು ದಡಾರವನ್ನು ದೇಶದಿಂದ ಓಡಿಸಿದ್ದೇವೆ ಎಂದು 2000ದಲ್ಲಿ ಘೋಷಿಸಿಕೊಂಡಿದ್ದ ದೇಶ. ಆ ಆರು ತಿಂಗಳು ಅಲ್ಲಿನ ತಂದೆತಾಯಿಗಳು ಕೇಳಿದ ಪ್ರಶ್ನೆಗಳನ್ನೇ ನಮ್ಮಲ್ಲೂ ಕೇಳುತ್ತಾರೆ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ದೊಡ್ಡ ಅಭಿಯಾನ ಬೆಂಗಳೂರಿನಲ್ಲೇ ಶುರುವಾದಾಗ, ಒಂಬತ್ತು ತಿಂಗಳಿಂದ 15 ವರ್ಷದ ಮಕ್ಕಳಿಗೆಲ್ಲ ಸೂಜಿ ಹಾಕಿಸಬೇಕಿದ್ದಾಗ, ವಾಟ್ಸ್ಆ್ಯಪ್‌ನಲ್ಲಿ ಓಡಾಡಿದ ಸಂದೇಶಗಳು ನೆನಪಿರಬಹುದು. ಹಾಗಾಗಿ ಟೆಕ್ಸಾಸ್‌ನಲ್ಲಿ ಆಗಿದ್ದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಸೆಮಿನೋಲ್ ಸುತ್ತ ಮೆನೊನೈಟ್ ಪಂಗಡದ ಕ್ರೈಸ್ತರು ಹೆಚ್ಚು. 1970ರ ದಶಕದಲ್ಲಿ ಮೆಕ್ಸಿಕೊದಿಂದ ಬಂದು ನೆಲೆಸಿದವರು. ಮನೆಮಾತು ಒಂದು ಬಗೆಯ ಜರ್ಮನ್. ಅವರ ಧರ್ಮ ಲಸಿಕೆ ಹಾಕಿಸಬೇಡಿ ಎಂದು ಹೇಳುವುದಿಲ್ಲ. ಆದರೆ ಸರ್ಕಾರದ ಜೊತೆ ಅವರ ಒಡನಾಟ ಕಡಿಮೆ. ಎಷ್ಟೋ ಮಕ್ಕಳು ಮನೆಯಲ್ಲೋ ಸಣ್ಣ ಖಾಸಗಿ ಶಾಲೆಯಲ್ಲೋ ಓದುತ್ತಾರೆ. ಹಾಗಂತ ಇದನ್ನು ಬರೀ ಒಂದು ಪಂಗಡದ ಕತೆ ಮಾಡಿದರೆ ತಪ್ಪಾಗುತ್ತದೆ. 2003ರ ಕಾನೂನಿನ ಪ್ರಕಾರ ಟೆಕ್ಸಾಸ್‌ನ ಯಾವ ಪೋಷಕರೇ ಆಗಲಿ, ಲಸಿಕೆ ನಮ್ಮ ಮನಸ್ಸಾಕ್ಷಿಗೆ ಒಪ್ಪುವುದಿಲ್ಲ ಎಂದು ಅಫಿಡವಿಟ್ ಕೊಟ್ಟು ಶಾಲೆಯ ನಿಯಮದಿಂದ ವಿನಾಯಿತಿ ಪಡೆಯಬಹುದು. 2023-24ರಲ್ಲಿ ಗೇನ್ಸ್ ಕೌಂಟಿಯ ಕಿಂಡರ್‌ಗಾರ್ಟನ್ ಮಕ್ಕಳಲ್ಲಿ ಹೀಗೆ ವಿನಾಯಿತಿ ಪಡೆದವರು ಶೇ 18ರ ಹತ್ತಿರ ಇದ್ದರು. ಎಂಎಂಆರ್, ಅಂದರೆ ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಒಂದೇ ಲಸಿಕೆ ಹಾಕಿಸಿಕೊಂಡಿದ್ದ ಮಕ್ಕಳು ಶೇ 82ರಷ್ಟು.

ಶೇ 82 ಅಂದರೆ ಒಳ್ಳೆಯ ಅಂಕವೇ ಅನ್ನಿಸುತ್ತದೆ, ಅಲ್ವಾ? ದಡಾರದ ಮಟ್ಟಿಗೆ ಅದು ಫೇಲ್. ಯಾಕೆ ಅನ್ನುವುದು ಸಣ್ಣ ಲೆಕ್ಕ.

ಯಾರಿಗೂ ರೋಗನಿರೋಧಕ ಶಕ್ತಿ ಇಲ್ಲದ ಊರಿಗೆ ದಡಾರದ ಒಬ್ಬ ರೋಗಿ ಬಂದರೆ, ಅವನಿಂದ 12ರಿಂದ 18 ಮಂದಿಗೆ ರೋಗ ಹರಡುತ್ತದೆ. ಮನುಷ್ಯರಿಗೆ ಬರುವ ಕಾಯಿಲೆಗಳಲ್ಲಿ ಇಷ್ಟು ಜೋರಾಗಿ ಹರಡುವವು ಬಹಳ ಕಡಿಮೆ. 18 ಎಂದೇ ಇಟ್ಟುಕೊಳ್ಳೋಣ. ರೋಗದ ಸರಪಳಿ ತುಂಡಾಗಬೇಕಾದರೆ ಆ 18ರಲ್ಲಿ 17 ಮಂದಿಗೆ ರಕ್ಷಣೆ ಇರಬೇಕು. 17ನ್ನು 18ರಿಂದ ಭಾಗಿಸಿದರೆ ಶೇ 94ಕ್ಕಿಂತ ಸ್ವಲ್ಪ ಜಾಸ್ತಿ. ವೈದ್ಯರು ಮಾತುಮಾತಿಗೆ ಹೇಳುವ ಶೇ 95 ಬಂದಿದ್ದು ಇಲ್ಲಿಂದ. ಶೇ 82 ಇರುವ ಊರಿನಲ್ಲಿ 18ರಲ್ಲಿ ಮೂವರಿಗೆ ರಕ್ಷಣೆ ಇರುವುದಿಲ್ಲ. ಒಂದು ಮೂರಾಗುತ್ತದೆ, ಮೂರು ಒಂಬತ್ತಾಗುತ್ತದೆ, ಒಂಬತ್ತು ಇಪ್ಪತ್ತೇಳಾಗುತ್ತದೆ. ನಿಜವಾದ ಊರಿನಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟದಾಗಿರುತ್ತದೆ. ಲಸಿಕೆ ಹಾಕಿಸದ ಮನೆಗಳು ಊರ ತುಂಬ ಸಮನಾಗಿ ಹಂಚಿಹೋಗಿರುವುದಿಲ್ಲ. ಒಂದೇ ಬೀದಿ, ಒಂದೇ ಚರ್ಚು, ಒಂದೇ ಶಾಲೆಯಲ್ಲಿ ಸೇರಿಕೊಂಡಿರುತ್ತವೆ. ಗೇನ್ಸ್ ಕೌಂಟಿಯಲ್ಲೇ ಲೂಪ್ ಎಂಬ ಪುಟ್ಟ ಶಾಲಾ ಜಿಲ್ಲೆಯ ಅರ್ಧದಷ್ಟು ಮಕ್ಕಳಿಗೆ ವಿನಾಯಿತಿ ಇತ್ತು.

ಹರಡುವ ರೀತಿಯನ್ನೂ ನೋಡಿ. ಈ ವೈರಸ್ ಉಸಿರಾಡುವ ಗಾಳಿಯಲ್ಲೇ ತೇಲುತ್ತದೆ. ದಡಾರ ಇರುವ ಮಗು ಕ್ಲಿನಿಕ್‌ನಲ್ಲಿ ಹತ್ತು ನಿಮಿಷ ಕೂತು ಎದ್ದು ಹೋದರೂ, ಆ ಕೋಣೆಯ ಗಾಳಿಯಲ್ಲಿ ಎರಡು ಗಂಟೆಯವರೆಗೆ ವೈರಸ್ ಉಳಿಯಬಹುದು. ಆಮೇಲೆ ಬಂದ ತಾಯಿ ಮಗುವಿಗೆ, ತಮಗಿಂತ ಮೊದಲು ಯಾರು ಕೂತಿದ್ದರು ಅನ್ನುವುದೂ ಗೊತ್ತಿರುವುದಿಲ್ಲ. ರಕ್ಷಣೆ ಇಲ್ಲದವರು ಹತ್ತು ಮಂದಿ ಹೀಗೆ ಹತ್ತಿರ ಬಂದರೆ ಒಂಬತ್ತು ಮಂದಿಗೆ ರೋಗ ಬರುತ್ತದೆ.

ಸೋಂಕು ತಗುಲಿದ ಹತ್ತು ಹನ್ನೆರಡು ದಿನಕ್ಕೆ ಜ್ವರ ಶುರುವಾಗುತ್ತದೆ. ಮೂಗು ಸೋರುತ್ತದೆ, ಕೆಮ್ಮು ಬರುತ್ತದೆ, ಕಣ್ಣು ಕೆಂಪಾಗುತ್ತದೆ. ನೋಡಿದವರು ಶೀತ ಅಂದುಕೊಳ್ಳುತ್ತಾರೆ. ಟಾರ್ಚ್ ಬಿಟ್ಟು ಬಾಯಿ ನೋಡಿದರೆ, ಕೆನ್ನೆಯ ಒಳಭಾಗದಲ್ಲಿ ರವೆ ಅಂಟಿದಂತೆ ಸಣ್ಣ ಬಿಳಿ ಚುಕ್ಕೆ ಕಾಣಬಹುದು. ಅನುಭವಿ ಮಕ್ಕಳ ಡಾಕ್ಟರಿಗೆ ಅಷ್ಟು ಸಾಕು. ಇನ್ನೆರಡು ಮೂರು ದಿನಕ್ಕೆ ಕೂದಲಂಚಿನಿಂದ, ಕಿವಿಯ ಹಿಂದಿನಿಂದ ಕೆಂಪು ದದ್ದು ಏಳುತ್ತದೆ. ಮುಖ, ಎದೆ, ಹೊಟ್ಟೆ, ಕಾಲು ಹೀಗೆ ಕೆಳಗಿಳಿಯುತ್ತದೆ. ಮುಖ್ಯವಾದ ಮಾತು ಏನೆಂದರೆ, ದದ್ದು ಏಳುವುದಕ್ಕೆ ನಾಲ್ಕು ದಿನ ಮೊದಲೇ ಮಗು ರೋಗ ಹರಡಲು ಶುರು ಮಾಡಿರುತ್ತದೆ.

ಪೋಷಕರ ಚರ್ಚೆಯ ದೊಡ್ಡ ತೊಂದರೆ ಇರುವುದು ಇಲ್ಲೇ. 'ಈಗ ಇಲ್ಲಿ ದಡಾರವೇ ಇಲ್ಲವಲ್ಲ, ಬಂದರೆ ಆಗ ನೋಡೋಣ' ಅನ್ನುವ ಮಾತು ಸಮಂಜಸ ಅನ್ನಿಸುತ್ತದೆ. ಆದರೆ ಊರಿನ ಮೊದಲ ರೋಗಿಯ ಸುದ್ದಿ ನಿಮ್ಮ ಕಿವಿಗೆ ಬೀಳುವಷ್ಟರಲ್ಲಿ ಎರಡನೆಯ ಸುತ್ತಿನ ಮಕ್ಕಳಿಗೆ ಆಗಲೇ ಸೋಂಕು ತಗುಲಿರುತ್ತದೆ. ನೀವು ಅದೇ ದಿನ ಓಡಿಹೋಗಿ ಲಸಿಕೆ ಹಾಕಿಸಿದರೂ, ಪೂರ್ತಿ ರಕ್ಷಣೆ ಬರಲು ಎರಡು ವಾರದ ಹತ್ತಿರ ಬೇಕು. ರೋಗಿಯ ಸಂಪರ್ಕಕ್ಕೆ ಬಂದ 72 ಗಂಟೆಯೊಳಗೆ ಲಸಿಕೆ ಕೊಟ್ಟರೆ ರೋಗ ತಪ್ಪಬಹುದು, ನಿಜ. ಆದರೆ ಯಾವ ಗಂಟೆಯಲ್ಲಿ ಸಂಪರ್ಕ ಆಯಿತು ಅನ್ನುವುದು ಎಷ್ಟು ಜನಕ್ಕೆ ಗೊತ್ತಿರುತ್ತದೆ?

ಇನ್ನು ಪೋಷಕರು ಕೇಳುವ ಪ್ರಶ್ನೆಗಳು. ಹೀಗೆ ಕೇಳುವವರನ್ನು ದಡ್ಡರು ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಮಗುವಿನ ತೊಡೆಗೆ ಸೂಜಿ ಚುಚ್ಚಿಸುವ ಮೊದಲು ಏನಿದು ಎಂದು ಕೇಳುವುದು ಹೆತ್ತವರ ಕೆಲಸವೇ.

'ನಮ್ಮ ಕಾಲದಲ್ಲಿ ಎಲ್ಲರಿಗೂ ದಡಾರ ಬಂದಿತ್ತು, ಏನಾಯಿತು?' ಟೆಕ್ಸಾಸ್‌ನಲ್ಲೂ ಇದನ್ನೇ ಕೇಳಿದರು, ನಮ್ಮ ಮನೆಯ ಹಿರಿಯರೂ ಇದನ್ನೇ ಹೇಳುತ್ತಾರೆ. ಅಮೆರಿಕದಲ್ಲಿ ಲಸಿಕೆ ಬಂದದ್ದು 1963ರಲ್ಲಿ. ಅದಕ್ಕೆ ಮೊದಲು ಪ್ರತಿ ವರ್ಷ 30ರಿಂದ 40 ಲಕ್ಷ ಜನಕ್ಕೆ ದಡಾರ ಬರುತ್ತಿತ್ತು. ಅವರಲ್ಲಿ ಹೆಚ್ಚಿನವರು ವಾಸಿಯಾಗುತ್ತಿದ್ದರು. ಆದರೆ 48 ಸಾವಿರದಷ್ಟು ಮಂದಿ ಆಸ್ಪತ್ರೆ ಸೇರುತ್ತಿದ್ದರು, ಸಾವಿರ ಮಂದಿಗೆ ಮೆದುಳಿನ ಉರಿಯೂತ ಆಗುತ್ತಿತ್ತು, ದಾಖಲಾದ ಸಾವುಗಳೇ 400ರಿಂದ 500 ಇದ್ದವು. 'ಏನಾಯಿತು' ಎಂದು ಕೇಳುವವರು ಬದುಕಿ ಉಳಿದವರು. ತೀರಿಕೊಂಡ ಮಕ್ಕಳು ಬಂದು ಉತ್ತರ ಕೊಡುವುದಿಲ್ಲ.

ಟೆಕ್ಸಾಸ್‌ನಲ್ಲಿ ತೀರಿಕೊಂಡ ಮೊದಲ ಮಗುವಿನ ಮನೆಯಲ್ಲಿ ಇನ್ನೂ ನಾಲ್ಕು ಮಕ್ಕಳಿಗೆ ದಡಾರ ಬಂದು ವಾಸಿಯಾಯಿತು. ಅವಳ ತಂದೆತಾಯಿ ಆಮೇಲೂ ಲಸಿಕೆ ಬೇಡ ಎಂದೇ ಹೇಳಿದರು. ಅದನ್ನು ಕೇಳಿ ಸಿಟ್ಟಾದವರು ಬಹಳ. ನನಗೆ ಸಂಕಟವಾಯಿತು. ಈ ರೋಗ ಜನರನ್ನು ನಂಬಿಸುವುದೇ ಹೀಗೆ. ಸಾವಿರ ಮಕ್ಕಳಿಗೆ ಬಂದರೆ ಒಬ್ಬರಿಂದ ಮೂವರು ಸಾಯುತ್ತಾರೆ, 20ರಲ್ಲಿ ಒಂದು ಮಗುವಿಗೆ ನ್ಯುಮೋನಿಯಾ ಆಗುತ್ತದೆ. ಯಾವ ಮಗು ಅನ್ನುವುದನ್ನು ಮುಂಚೆ ಯಾರೂ ಹೇಳಲಾರರು. ಹೆಚ್ಚಿನ ಮನೆಗಳಲ್ಲಿ ಎಲ್ಲರೂ ವಾಸಿಯಾಗುವುದರಿಂದ, ನಮ್ಮ ಅನುಭವವೇ ನಮಗೆ ತಪ್ಪು ಪಾಠ ಹೇಳುತ್ತದೆ.

ವಾಸಿಯಾದವರ ವಿಷಯದಲ್ಲೂ ಎರಡು ಮಾತಿದೆ. ಒಂದು, ದಡಾರ ದೇಹದ ನೆನಪನ್ನು ಅಳಿಸುತ್ತದೆ. ಹಿಂದೆ ಬಂದ ರೋಗಗಳ ವಿರುದ್ಧ ದೇಹ ಕೂಡಿಟ್ಟ ಪ್ರತಿಕಾಯಗಳೇ ಕಳೆದುಹೋಗುತ್ತವೆ. ನೆದರ್‌ಲ್ಯಾಂಡ್ಸ್‌ನಲ್ಲಿ ಲಸಿಕೆ ಹಾಕಿಸದ ಸಮುದಾಯದ 77 ಮಕ್ಕಳ ರಕ್ತವನ್ನು ದಡಾರಕ್ಕೆ ಮೊದಲು ಮತ್ತು ನಂತರ ಪರೀಕ್ಷಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಮಕ್ಕಳು ತಮ್ಮ ಪ್ರತಿಕಾಯಗಳಲ್ಲಿ ಶೇ 11ರಿಂದ ಶೇ 73ರವರೆಗೆ ಕಳೆದುಕೊಂಡಿದ್ದರು. 'ರೋಗ ಬಂದು ಹೋದರೆ ಮಗು ಗಟ್ಟಿಯಾಗುತ್ತದೆ' ಅನ್ನುವ ಮಾತಿಗೆ ಇದು ನೇರ ಉತ್ತರ. ದಡಾರದ ವಿರುದ್ಧ ಗಟ್ಟಿಯಾಗುತ್ತದೆ, ಉಳಿದ ರೋಗಗಳ ಮುಂದೆ ದುರ್ಬಲವಾಗುತ್ತದೆ.

ಎರಡನೆಯದು ಇನ್ನೂ ಕ್ರೂರ. ಎಸ್ಎಸ್‌ಪಿಇ ಎಂಬ ಮೆದುಳಿನ ಕಾಯಿಲೆ. ಹಸುಗೂಸಾಗಿದ್ದಾಗ ದಡಾರ ಬಂದು ಪೂರ್ತಿ ವಾಸಿಯಾದ ಮಗು ಏಳೆಂಟು ವರ್ಷ ಚೆನ್ನಾಗಿಯೇ ಆಡಿಕೊಂಡಿರುತ್ತದೆ. ಆಮೇಲೆ ಓದಿನಲ್ಲಿ ಹಿಂದೆ ಬೀಳುತ್ತದೆ, ಕೈಯಲ್ಲಿ ಹಿಡಿದದ್ದು ಬೀಳುತ್ತದೆ, ಮೈ ಇದ್ದಕ್ಕಿದ್ದಂತೆ ಬೆಚ್ಚಿದ ಹಾಗೆ ಜಗ್ಗುತ್ತದೆ. ವೈರಸ್ ಅಷ್ಟು ವರ್ಷ ಮೆದುಳಿನಲ್ಲೇ ಕೂತಿರುತ್ತದೆ. ವಾಸಿ ಮಾಡುವ ಔಷಧ ಇಲ್ಲ, ಹೆಚ್ಚುಕಡಿಮೆ ಎಲ್ಲರೂ ಸಾಯುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇಂಥ ಮಕ್ಕಳನ್ನು ದಶಕಗಳಿಂದ ನೋಡುತ್ತ, ಅದರ ಬಗ್ಗೆ ಬರೆಯುತ್ತ ಬಂದಿದ್ದಾರೆ. ಎರಡು ವರ್ಷದೊಳಗೆ ದಡಾರ ಬಂದವರಿಗೆ ಈ ಅಪಾಯ ಜಾಸ್ತಿ.

'ಲಸಿಕೆಯಿಂದ ಆಟಿಸಂ ಬರುತ್ತದಂತೆ.' ಈ ಭಯಕ್ಕೆ ಒಂದು ಹುಟ್ಟಿದ ದಿನ ಇದೆ. 1998ರಲ್ಲಿ ಬ್ರಿಟನ್ನಿನ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ಲೇಖನ. ನೋಡಿದ್ದು 12 ಮಕ್ಕಳನ್ನು ಮಾತ್ರ. ಮಾಹಿತಿಯನ್ನು ತಿರುಚಿದ್ದು ಬಯಲಾಗಿ 2010ರಲ್ಲಿ ಪತ್ರಿಕೆ ಅದನ್ನು ಹಿಂದಕ್ಕೆ ಪಡೆಯಿತು. ಅದೇ ವರ್ಷ ವೇಕ್‌ಫೀಲ್ಡ್‌ನ ವೈದ್ಯಕೀಯ ನೋಂದಣಿಯೂ ರದ್ದಾಯಿತು. ಡೆನ್ಮಾರ್ಕ್‌ನಲ್ಲಿ 6,57,461 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2019ರಲ್ಲಿ ಹೇಳಿದ್ದು ಇಷ್ಟು: ಎಂಎಂಆರ್ ಹಾಕಿಸಿಕೊಂಡ ಮಕ್ಕಳಲ್ಲಿ ಆಟಿಸಂ ಹೆಚ್ಚಿಲ್ಲ. ಹಾಗಾದರೆ ಎಷ್ಟೋ ತಾಯಂದಿರು 'ಸೂಜಿ ಆದ ಮೇಲೆಯೇ ಮಗು ಬದಲಾಯಿತು' ಅನ್ನುವುದು ಸುಳ್ಳೇ? ಅವರು ಕಂಡದ್ದು ಸುಳ್ಳಲ್ಲ. ಮಗು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿಲ್ಲ, ಮಾತು ಬರುತ್ತಿಲ್ಲ ಎಂದು ಮನೆಯವರಿಗೆ ಅನ್ನಿಸುವುದು ಸಾಮಾನ್ಯವಾಗಿ ಒಂದರಿಂದ ಎರಡು ವರ್ಷದ ನಡುವೆ. ಲಸಿಕೆ ಬೀಳುವುದೂ ಅದೇ ವಯಸ್ಸಿನಲ್ಲಿ. ಲಸಿಕೆ ಹಾಕಿಸದಿದ್ದರೂ ಆ ಬದಲಾವಣೆ ಆ ವಯಸ್ಸಿಗೇ ಕಾಣುತ್ತದೆ.

'ಲಸಿಕೆ ಹಾಕಿಸಿಕೊಂಡವರಿಗೂ ಬಂತಲ್ಲ?' ಬಂತು. ಎರಡು ಡೋಸ್ ಆದವರಲ್ಲಿ ನೂರಕ್ಕೆ 97 ಮಂದಿಗೆ ರಕ್ಷಣೆ ಸಿಗುತ್ತದೆ, ಮೂವರಿಗೆ ಸಿಗುವುದಿಲ್ಲ. ಸಾವಿರ ಮಕ್ಕಳ ಒಂದು ಶಾಲೆ ಅಂದುಕೊಳ್ಳಿ. 950 ಮಕ್ಕಳಿಗೆ ಎರಡು ಡೋಸ್ ಆಗಿದೆ, 50 ಮಕ್ಕಳಿಗೆ ಒಂದೂ ಆಗಿಲ್ಲ. ಎಲ್ಲರೂ ವೈರಸ್ಸಿಗೆ ಸಿಕ್ಕಿಬಿದ್ದರೆ, ಲಸಿಕೆ ಆದವರಲ್ಲಿ 28 ಮಂದಿಗೆ, ಆಗದವರಲ್ಲಿ 45 ಮಂದಿಗೆ ರೋಗ ಬರಬಹುದು. ಬರೀ ತಲೆ ಎಣಿಸಿದರೆ 'ನೋಡಿ, ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಲಸಿಕೆ ಹಾಕಿಸಿಕೊಂಡವರೇ' ಎಂದು ಒಂದು ಫಾರ್ವರ್ಡ್ ತಯಾರಾಗುತ್ತದೆ. ಆದರೆ ಒಂದು ಕಡೆ 950ರಲ್ಲಿ 28, ಇನ್ನೊಂದು ಕಡೆ 50ರಲ್ಲಿ 45. ಟೆಕ್ಸಾಸ್‌ನಲ್ಲಂತೂ ರೋಗಿಗಳಲ್ಲಿ ಬಹುಪಾಲು ಮಂದಿ ಲಸಿಕೆ ಹಾಕಿಸದವರು, ಇಲ್ಲವೇ ಹಾಕಿಸಿದ ದಾಖಲೆ ಇಲ್ಲದವರು.

ಎ ವಿಟಮಿನ್ ಗೊಂದಲ ಬೇರೆ. ಅಮೆರಿಕದ ಆರೋಗ್ಯ ಸಚಿವ ರಾಬರ್ಟ್ ಎಫ್. ಕೆನಡಿ ಜೂನಿಯರ್ ಎ ವಿಟಮಿನ್, ಕಾಡ್ ಮೀನಿನ ಎಣ್ಣೆಯ ಬಗ್ಗೆ ಮಾತಾಡಿದ ಮೇಲೆ ಜನ ಅದನ್ನು ಹುಡುಕಿಕೊಂಡು ಹೋದರು. ಟೆಕ್ಸಾಸ್‌ನ ಲಬಕ್ ನಗರದ ಮಕ್ಕಳ ಆಸ್ಪತ್ರೆಗೆ ದಡಾರದಿಂದ ಬಂದ ಕೆಲವು ಮಕ್ಕಳ ರಕ್ತದಲ್ಲಿ ಎ ವಿಟಮಿನ್ ಅತಿಯಾಗಿ ಯಕೃತ್ತಿಗೆ ತೊಂದರೆಯಾದ ಲಕ್ಷಣ ಕಂಡಿತು. ಈ ವಿಷಯ ನಮಗೆ ಹತ್ತಿರದ್ದು. ಒಂಬತ್ತು ತಿಂಗಳಿಗೆ ದಡಾರದ ಸೂಜಿ ಹಾಕುವಾಗಲೇ ನಮ್ಮ ಆರೋಗ್ಯ ಕೇಂದ್ರದಲ್ಲಿ ಎ ವಿಟಮಿನ್ ದ್ರವವನ್ನೂ ಮಗುವಿನ ಬಾಯಿಗೆ ಹಾಕುತ್ತಾರೆ. ದಡಾರ ಬಂದ ಮಗುವಿಗೂ ಡಾಕ್ಟರು ಎರಡು ದಿನ ಒಂದೊಂದು ಡೋಸ್ ಕೊಡುತ್ತಾರೆ. ಅದರಿಂದ ಕಣ್ಣು ಉಳಿಯುತ್ತದೆ, ಪೌಷ್ಟಿಕಾಂಶ ಕಡಿಮೆ ಇರುವ ಮಕ್ಕಳ ಜೀವವೂ ಉಳಿಯುತ್ತದೆ. ಆದರೆ ಅದು ರೋಗ ಬಾರದಂತೆ ತಡೆಯುವುದಿಲ್ಲ. ಮನೆಯಲ್ಲಿ ಅಂದಾಜಿನ ಮೇಲೆ ದಿನಾ ಕೊಟ್ಟರೆ ವಿಷವಾಗುತ್ತದೆ.

ಲಸಿಕೆಯಿಂದ ಏನೂ ಆಗುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ವಾರ ಹತ್ತು ದಿನಕ್ಕೆ ಜ್ವರ ಬರಬಹುದು, ಸ್ವಲ್ಪ ದದ್ದು ಏಳಬಹುದು. ಮೂರ್ನಾಲ್ಕು ಸಾವಿರಕ್ಕೆ ಒಂದು ಮಗುವಿಗೆ ಜ್ವರದಿಂದ ಫಿಟ್ಸ್ ಬರಬಹುದು. ನೋಡಿದರೆ ಎದೆ ಒಡೆಯುತ್ತದೆ, ಆದರೆ ಮಗುವಿಗೆ ಶಾಶ್ವತ ತೊಂದರೆ ಆಗುವುದಿಲ್ಲ. ತೀವ್ರ ಅಲರ್ಜಿ ಹತ್ತು ಲಕ್ಷಕ್ಕೆ ಒಂದರ ಆಸುಪಾಸು. ಸೂಜಿ ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುವುದು ಇದಕ್ಕಾಗಿ.

ಭಯಕ್ಕೆ ನಿಜವಾದ ಕಾರಣ ಇದ್ದ ಊರೂ ಇದೆ. ಪೆಸಿಫಿಕ್ ಸಾಗರದ ಸಮೋವಾ ದ್ವೀಪದಲ್ಲಿ 2018ರ ಜುಲೈನಲ್ಲಿ ಎಂಎಂಆರ್ ಹಾಕಿಸಿದ ಎರಡು ಕೂಸುಗಳು ಸತ್ತವು. ಈ ಲಸಿಕೆ ಪುಡಿಯ ರೂಪದಲ್ಲಿರುತ್ತದೆ, ಅದಕ್ಕೇ ಮೀಸಲಾದ ನೀರಿನಲ್ಲಿ ಬೆರೆಸಿ ಕೊಡಬೇಕು. ನರ್ಸ್‌ಗಳು ನೀರಿನ ಬದಲು ಸ್ನಾಯು ಸಡಿಲಿಸುವ ಔಷಧ ಬೆರೆಸಿಬಿಟ್ಟಿದ್ದರು. ತಪ್ಪು ಬೆರೆಸಿದ್ದರಲ್ಲಿ ಇತ್ತು, ಲಸಿಕೆಯಲ್ಲಿ ಅಲ್ಲ. ಆದರೆ ಸರ್ಕಾರ ತಿಂಗಳುಗಟ್ಟಲೆ ಲಸಿಕೆಯನ್ನೇ ನಿಲ್ಲಿಸಿತು, ಜನರ ನಂಬಿಕೆ ಹೋಯಿತು. 2019ರ ಕೊನೆಗೆ ದಡಾರ ಬಂತು. ಎರಡು ಲಕ್ಷ ಜನಸಂಖ್ಯೆಯ ದೇಶದಲ್ಲಿ 83 ಮಂದಿ ಸತ್ತರು, ಹೆಚ್ಚಿನವರು ಪುಟ್ಟ ಮಕ್ಕಳು. ಡಿಸೆಂಬರ್‌ನಲ್ಲಿ ಸರ್ಕಾರಿ ಕಚೇರಿಗಳನ್ನೆಲ್ಲ ಮುಚ್ಚಿ ನೌಕರರನ್ನು ಮನೆಮನೆಗೆ ಕಳಿಸಿದರು. ಲಸಿಕೆ ಆಗದವರಿರುವ ಮನೆಯವರು ಬಾಗಿಲ ಮುಂದೆ ಕೆಂಪು ಬಟ್ಟೆ ಕಟ್ಟಬೇಕಿತ್ತು.

ಹಾಗಾಗಿ ಪ್ರಶ್ನೆ ಕೇಳಿ, ಸರಿಯಾದ ಜಾಗದಲ್ಲಿ ಕೇಳಿ. ನಮ್ಮ ಎಂಆರ್, ಅಂದರೆ ದಡಾರ-ರುಬೆಲ್ಲಾ ಲಸಿಕೆಯೂ ಪುಡಿಯೇ. ಬೆರೆಸಿದ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಎಸೆಯಬೇಕು. 'ಸಿಸ್ಟರ್, ಇದನ್ನು ಎಷ್ಟು ಹೊತ್ತಿಗೆ ಬೆರೆಸಿದ್ರಿ?' ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಒಳ್ಳೆಯ ಸಿಸ್ಟರ್ ಸೀಸೆ ತೋರಿಸಿ ಹೇಳುತ್ತಾರೆ.

'ನನ್ನ ಮಗು, ನನ್ನ ತೀರ್ಮಾನ' ಅನ್ನುವ ಮಾತು ಉಳಿಯಿತು. ಬೇರೆ ಎಷ್ಟೋ ವಿಷಯದಲ್ಲಿ ಒಪ್ಪುತ್ತೇನೆ. ದಡಾರದಲ್ಲಿ ಒಪ್ಪಲಾರೆ, ಕಾರಣ ಇನ್ನೂ ಲಸಿಕೆಯ ವಯಸ್ಸಾಗದ ಕೂಸುಗಳು. ಹುಟ್ಟುವಾಗ ತಾಯಿಯಿಂದ ಬಂದ ಪ್ರತಿಕಾಯಗಳು ಕೆಲವು ತಿಂಗಳಲ್ಲಿ ಕರಗುತ್ತವೆ. ಅವು ಇರುವಾಗ ಲಸಿಕೆ ಕೊಟ್ಟರೆ ಸರಿಯಾಗಿ ಹತ್ತುವುದಿಲ್ಲ. ಒಂಬತ್ತು ತಿಂಗಳಿಗೆ ಕೊಟ್ಟರೆ ನೂರಕ್ಕೆ 85ರಷ್ಟು ಮಕ್ಕಳಲ್ಲಿ ಹತ್ತುತ್ತದೆ, 12 ತಿಂಗಳಿಗೆ ಕೊಟ್ಟರೆ 95ರಷ್ಟು ಮಕ್ಕಳಲ್ಲಿ. ಅಮೆರಿಕದಲ್ಲಿ ರೋಗ ಅಪರೂಪವಾದ್ದರಿಂದ 12 ತಿಂಗಳವರೆಗೆ ಕಾಯುತ್ತಾರೆ. ನಮ್ಮಲ್ಲಿ ಅಷ್ಟು ಕಾಯುವುದು ಅಪಾಯ, ಅದಕ್ಕೇ ಒಂಬತ್ತು ತಿಂಗಳು ತುಂಬಿದ ಕೂಡಲೇ ಮೊದಲ ಡೋಸ್, 16ರಿಂದ 24 ತಿಂಗಳ ನಡುವೆ ಎರಡನೆಯದು. ಮೊದಲ ಡೋಸ್‌ಗೂ ಮುಂಚಿನ ಆ ತಿಂಗಳುಗಳಲ್ಲಿ ಕೂಸಿಗೆ ರಕ್ಷಣೆ ಕೊಡುವವರು ಅಕ್ಕಪಕ್ಕದ ಮನೆಯ ಮಕ್ಕಳೇ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಕ್ಕಳಿಗೂ, ಗರ್ಭಿಣಿಯರಿಗೂ ಈ ಲಸಿಕೆ ಕೊಡುವಂತಿಲ್ಲ. ಅವರಿಗೂ ಇದೇ ಆಸರೆ.

ಈ ವಯಸ್ಸಿನ ವ್ಯತ್ಯಾಸ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ನ ಕನ್ನಡಿಗರ ಮನೆಗಳಲ್ಲಿ ದಿನಾ ಬರುವ ಪ್ರಶ್ನೆ. ಊರಲ್ಲಿ ಒಂಬತ್ತು ತಿಂಗಳಿಗೆ ಹಾಕಿಸಿದ ಡೋಸ್ ಅಮೆರಿಕದಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಒಂದು ವರ್ಷ ತುಂಬಿದ ಮೇಲೆ ಎರಡು ಡೋಸ್ ಆಗಿರಬೇಕು. ಅದನ್ನು ಕೇಳಿ 'ಮೂರು ಸಲ ಯಾಕೆ' ಎಂದು ಗಾಬರಿಯಾಗಬೇಡಿ, ಹೆಚ್ಚಾದ ಡೋಸ್‌ನಿಂದ ಹಾನಿಯಿಲ್ಲ. ಇನ್ನು ಅಲ್ಲಿ ಹುಟ್ಟಿದ ಕೂಸನ್ನು ನಾಮಕರಣಕ್ಕೋ ಅಜ್ಜಿ ತಾತನಿಗೆ ತೋರಿಸಲೋ ಊರಿಗೆ ಕರೆತರುವವರಿಗೆ ಒಂದು ಮಾತು: ಆರರಿಂದ 11 ತಿಂಗಳ ಮಗು ವಿದೇಶಕ್ಕೆ ಹೊರಟರೆ ಮುಂಗಡವಾಗಿ ಒಂದು ಡೋಸ್ ಹಾಕಿಸಿ ಎಂದು ಅಲ್ಲಿನ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯೇ ಹೇಳುತ್ತದೆ. ವಿಮಾನ ಹತ್ತುವ ಎರಡು ವಾರ ಮೊದಲು ಹಾಕಿಸಿದರೆ ಒಳ್ಳೆಯದು.

ಮನೆಯ ಮಗುವಿಗೆ ಜ್ವರದ ಜೊತೆ ದದ್ದು ಕಂಡರೆ ನೇರ ಕ್ಲಿನಿಕ್‌ಗೆ ಎತ್ತಿಕೊಂಡು ಹೋಗಬೇಡಿ. ಮೊದಲು ಫೋನ್ ಮಾಡಿ, 'ದಡಾರ ಇರಬಹುದು' ಎಂದು ಹೇಳಿ. ಬೇರೆ ಬಾಗಿಲಿಂದಲೋ ಬೇರೆ ಹೊತ್ತಿಗೋ ಕರೆಸಿಕೊಳ್ಳುತ್ತಾರೆ. ದದ್ದು ಎದ್ದ ನಾಲ್ಕು ದಿನದವರೆಗೆ ಮಗುವನ್ನು ಬೇರೆ ಮಕ್ಕಳಿಂದ ದೂರ ಇಡಿ. ಹತ್ತಿರದಲ್ಲಿ ಲಸಿಕೆ ಆಗದ ಕೂಸಿದ್ದರೆ ಡಾಕ್ಟರಿಗೆ ಅದೇ ಫೋನಿನಲ್ಲಿ ತಿಳಿಸಿ. ರೋಗಿಯ ಸಂಪರ್ಕ ಆದ ಆರು ದಿನದೊಳಗಾದರೆ ಇಮ್ಯುನೊಗ್ಲೋಬ್ಯುಲಿನ್ ಎಂಬ ಬೇರೆ ಇಂಜೆಕ್ಷನ್ ಕೊಡಲು ಅವಕಾಶ ಇದೆ.

ಇದಕ್ಕೆಲ್ಲ ಮೊದಲು, ಇವತ್ತೇ, ತಾಯಿ ಕಾರ್ಡ್ ತೆಗೆದು ನೋಡಿ. ಎಂಆರ್ ಒಂದು, ಎಂಆರ್ ಎರಡು, ಎರಡೂ ಖಾನೆಯಲ್ಲಿ ದಿನಾಂಕ ಇದೆಯಾ? ಎರಡನೆಯದು ತಪ್ಪಿದ್ದರೆ ಐದು ವರ್ಷದವರೆಗೂ ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಹಾಕುತ್ತಾರೆ, ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಿನ ಹೇಳುತ್ತಾರೆ. ಕಾರ್ಡೇ ಕಳೆದುಹೋಗಿದ್ದರೆ ಇನ್ನೊಂದು ಸಲ ಹಾಕಿಸಿದರೂ ತೊಂದರೆ ಇಲ್ಲ. ಕಾರ್ಡ್ ಇದ್ದರೆ ಆ ಪುಟದ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ.